ಟ್ಯಾಗ್ ತೊಳೆದುಹೋದ ಕವರ್

ತುಳುನಾಡಿನಲ್ಲಿ ಹಾಲೆ ಮರದ ತೊಗಟೆಯ ಕಷಾಯ ಕುಡಿಯುವ ಆಟಿ ಅಮಾವಾಸ್ಯೆ ಹತ್ತಿರ ಬಂತೆಂದರೆ ನನಗೆ ಈಗಲೂ ಹೊಟ್ಟೆ ತೊಳಸುತ್ತದೆ.

ಬೆಳ್ತಂಗಡಿ ಕಡೆ, ಘಟ್ಟದ ಬುಡದಲ್ಲಿ ಪಿಬಿಆರ್ ಕೆಲಸ, ಅಂದರೆ ಊರಿನ ಗಿಡಮರ, ಪ್ರಾಣಿ, ಅವುಗಳ ಬಗ್ಗೆ ಜನರಿಗಿರುವ ತಿಳಿವಳಿಕೆ ದಾಖಲಿಸುವ ಜೀವವೈವಿಧ್ಯ ದಾಖಲಾತಿ. ಜೊತೆಗೆ ಬರುತ್ತಿದ್ದವರು ಮಲೆಕುಡಿಯ ಬುಡಕಟ್ಟಿನ ಒಬ್ಬ ಅಜ್ಜ. ಅಮಾವಾಸ್ಯೆಯ ಹಿಂದಿನ ಸಂಜೆ ಅವರು ಒಂದು ಹಾಲೆ ಮರಕ್ಕೆ ಬಳ್ಳಿ ಸುತ್ತಿ ಬಂದರು. ಕಷಾಯದ ಕೆತ್ತೆ, ಅಂದರೆ ತೊಗಟೆ, ತೆಗೆಯುವುದು ಬೆಳಕು ಹರಿಯುವ ಮೊದಲು, ಕಲ್ಲಿನಿಂದ ಜಜ್ಜಿ. ಕಬ್ಬಿಣ ತಾಗಿಸುವಂತಿಲ್ಲ. ಎಲ್ಲವನ್ನೂ ನಾನು ಆ್ಯಪಿನ ‘ನಂಬಿಕೆ’ ಕಾಲಮ್ಮಿಗೆ ತುಂಬಿದೆ, ಬಳ್ಳಿಯನ್ನೂ ಸೇರಿಸಿ.

ಬೆಳಗಿನ ಜಾವ ನಾಲ್ಕಕ್ಕೆ ಅಜ್ಜ ಹೊರಟರು. ನಾನು ಮಗ್ಗುಲು ಬದಲಿಸಿದೆ. ಎರಡು ದಿನ ಹಿಂದೆ ತಂದ ಹಾಲೆ ತೊಗಟೆ ಶೆಡ್ಡಿನಲ್ಲಿ ಇತ್ತಲ್ವಾ? ಮಳೆಗೆ ಟ್ಯಾಗಿನ ಶಾಯಿ ತೊಳೆದುಹೋಗಿತ್ತು, ಆದರೆ ಕವರ್ ನನಗೆ ನೆನಪಿತ್ತು. ಅಂದರೆ, ನೆನಪಿದೆ ಅಂದುಕೊಂಡಿದ್ದೆ. ಅಡುಗೆಯವರಿಗೆ ಕೊಟ್ಟೆ. ಬೆಳ್ಳುಳ್ಳಿ, ಓಮ, ಕಾಳುಮೆಣಸು ಹಾಕಿ ಕಾಯಿಸಿದರು. ಮೇಲಿಂದ ಕುಡಿಯಲು ಮೆಂತೆ ಗಂಜಿಯೂ ತಯಾರು.

ಅಜ್ಜ ಒದ್ದೆಯಾಗಿ ಒಳಗೆ ಬಂದಾಗ ಸಹೋದ್ಯೋಗಿಯ ಕೈಯಲ್ಲಿ ಲೋಟ. ಅಜ್ಜ ಪಾತ್ರೆ ನೋಡಲಿಲ್ಲ, ಕವರಿನಲ್ಲಿ ಉಳಿದಿದ್ದ ಚೂರು ನೋಡಿದರು. "ಎಲೆ ಎಲ್ಲಿ?" ಅಂದರು.

ಎಲೆ ಇರಲಿಲ್ಲ. ಮಳೆ ಜಾಸ್ತಿ ಅಂತ ನಾನು ಗುರುತಿಗೆಂದು ಎಲೆಸಮೇತ ತರಬೇಕಾದ ವೌಚರ್ ಕೊಂಬೆ ಬಿಟ್ಟು ಬರೀ ತೊಗಟೆ ತಂದಿದ್ದೆ. ಅಜ್ಜ ಒಂದೇ ಮಾತು ಅಂದರು: "ಕಾಯೆರ್." ಕಾಸರಕ. ಮೈ ಸೆಟೆದು ಬಿಗಿಯುವಂತೆ ಮಾಡುವ ವಿಷ, ಸ್ಟ್ರಿಕ್ನಿನ್, ಇರುವ ಮರ.

"ಕುಡಿದ್ಯಾ?" ಎಂದು ಸಹೋದ್ಯೋಗಿಯನ್ನು ಕೇಳಿದೆ. "ತುಟಿಗೆ ತಾಗಿತಷ್ಟೆ. ಕಹಿ ಇತ್ತು, ಹಾಲೆಯೂ ಕಹಿ ಅಲ್ವಾ?"

ಅದೇ ಸಮಸ್ಯೆ. ಎರಡೂ ಕಹಿ. ನೆಟ್‌ವರ್ಕ್ ಇಲ್ಲ, ಡ್ರೈವರ್ ನಿದ್ದೆಯಲ್ಲಿ. ಅವನನ್ನು ಜೀಪಿಗೆ ಹತ್ತಿಸಿ, ದಾರಿಯುದ್ದಕ್ಕೂ ಕುತ್ತಿಗೆ ಬಿಗಿಯುತ್ತಿದೆಯಾ ಅಂತ ಕೇಳುತ್ತಾ ಹೋದೆ. ಹತ್ತನೇ ಸಲಕ್ಕೆ "ನಿನ್ನ ಪ್ರಶ್ನೆಗೇ ಬಿಗಿಯುತ್ತಿದೆ" ಎಂದು ಬೈದ. ಆಸ್ಪತ್ರೆಯಲ್ಲಿ ಮಧ್ಯಾಹ್ನದವರೆಗೆ ಕೂರಿಸಿ ಕಳಿಸಿದರು.

ಮರುದಿನ ಜಿಪಿಎಸ್ ಹಿಡಿದು ನಾನು ತೊಗಟೆ ತೆಗೆದಿದ್ದ ಮರದ ಹತ್ತಿರ ಹೋದೆ. ಹಾಲೆಯಲ್ಲಿ ಐದೋ ಏಳೋ ಎಲೆ ಗೆಣ್ಣಿನ ಸುತ್ತ ಕೂರುತ್ತವೆ, ಚಿವುಟಿದರೆ ಹಾಲು. ಇಲ್ಲಿ ಎಲೆ ಎರಡೆರಡೇ, ಎದುರುಬದುರು. ಬುಡದಿಂದಲೇ ಹೊರಟ ನರಗಳು. ಚಿವುಟಿದೆ, ಹಾಲಿಲ್ಲ. ಹಗಲಲ್ಲಿ ಮಗುವೂ ಹೇಳಬಹುದು. ಅಜ್ಜ ಬಳ್ಳಿ ಸುತ್ತಿದ್ದೂ ಬೆಳಕಿರುವಾಗಲೇ, ಕತ್ತಲಲ್ಲಿ ಮರ ತಪ್ಪದಿರಲಿ ಅಂತ.

ಬಳ್ಳಿಯನ್ನು ‘ನಂಬಿಕೆ’ಯಿಂದ ತೆಗೆದು ‘ಗುರುತಿಸುವ ವಿಧಾನ’ ಅಂತ ಹಾಕಲು ಹೋದೆ. ಸಿಂಕ್ ಆದ ಎಂಟ್ರಿ ತಿದ್ದಲು ಬರುವುದಿಲ್ಲವಂತೆ. ಮೇಲಿನವರಿಗೆ ಮೂರು ಮೇಲ್ ಹಾಕಿದ್ದೇನೆ.