ಎಲ್‌ಕೆಜಿಗೆ ಅರ್ಧ ದಿನವೋ, ಪೂರ್ತಿ ದಿನವೋ?

ದಾಖಲಾತಿ ಶುರುವಾಯಿತೆಂದರೆ ಅಪ್ಪ ಅಮ್ಮಂದಿರು ತಪ್ಪದೆ ಕೇಳುವುದು ಇದನ್ನೇ: ಹನ್ನೆರಡೂವರೆಗೆ ಬಿಡುವ ಶಾಲೆ ಒಳ್ಳೆಯದೋ, ಮೂರೂವರೆಯವರೆಗೆ ಇಟ್ಟುಕೊಳ್ಳುವ ಶಾಲೆಯೋ? ನಾನು ತಿರುಗಿ ಕೇಳುವುದು ಒಂದೇ. ಹನ್ನೆರಡೂವರೆ ಆದಮೇಲೆ ಮಗು ಯಾರ ಕೈಯಲ್ಲಿರುತ್ತದೆ?

ಕಲಿಕೆಯ ಲೆಕ್ಕ ಮೊದಲು ಮುಗಿಸೋಣ. ಒಂಬತ್ತರಿಂದ ಹನ್ನೆರಡೂವರೆ ಎಂದರೆ ಮೂರೂವರೆ ಗಂಟೆ. ಪ್ರಾರ್ಥನೆ, ತಿಂಡಿ ಡಬ್ಬಿ, ಕೈ ತೊಳೆಸುವುದು, ಶೂ ಹಾಕಿಸುವುದು ಕಳೆದರೆ ಎರಡು ಗಂಟೆ ಉಳಿದೀತು. ನಾಲ್ಕು ವರ್ಷದ ಮಗುವಿನ ಕಥೆ, ಹಾಡು, ಆಟಕ್ಕೆ ಅಷ್ಟು ಸಾಕು. ಪೂರ್ತಿ ದಿನದಲ್ಲಿ ಸಿಗುವ ಇನ್ನು ಮೂರು ಗಂಟೆಯಲ್ಲಿ ಊಟ, ನಿದ್ದೆಗೇ ಎರಡು ಹೋಗುತ್ತದೆ. ಅಮೆರಿಕದಲ್ಲಿ 1998ರಲ್ಲಿ ಕಿಂಡರ್‌ಗಾರ್ಟನ್ ಸೇರಿದ ಸುಮಾರು 20 ಸಾವಿರ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದ ಸರ್ಕಾರಿ ಅಧ್ಯಯನವಿದೆ. ಪೂರ್ತಿ ದಿನದವರು ಆ ವರ್ಷದ ಕೊನೆಗೆ ತುಸು ಮುಂದಿದ್ದರು. ಮೂರನೇ ತರಗತಿಗೆ ಬರುವಷ್ಟರಲ್ಲಿ ಆ ಅಂತರ ಕಾಣಲಿಲ್ಲ. ‘ಹಿಂದೆ ಬೀಳುತ್ತಾಳೆ’ ಎಂಬ ಭಯಕ್ಕೆ ಹೆಚ್ಚು ಫೀಸು ಕಟ್ಟಬೇಡಿ.

ಮನೆಯಲ್ಲಿ ಅಜ್ಜಿ ತಾತ ಇದ್ದು, ಮಗುವಿನ ಹಿಂದೆ ಓಡುವ ಶಕ್ತಿ ಅವರಿಗಿದ್ದರೆ ಅರ್ಧ ದಿನವೇ ಸರಿ. ಇಬ್ಬರೂ ಕೆಲಸಕ್ಕೆ ಹೋಗುವವರು ಅರ್ಧ ದಿನ ಶಾಲೆ, ಆಮೇಲೆ ವ್ಯಾನು, ಆಮೇಲೆ ಬೇರೊಂದು ಡೇಕೇರ್ ಎಂದು ಹೊಂದಿಸುತ್ತಾರೆ. ದಿನಕ್ಕೆ ಇಷ್ಟು ಜಾಗ, ಇಷ್ಟು ಮುಖ ಬದಲಾದರೆ ಮಗು ಸಂಜೆ ರಚ್ಚೆ ಹಿಡಿಯದೆ ಇನ್ನೇನು ಮಾಡೀತು? ಅದಕ್ಕಿಂತ ಒಂದೇ ಕಡೆ ಪೂರ್ತಿ ದಿನ ಮೇಲು. (ಒಂಬತ್ತೂವರೆಯಿಂದ ನಾಲ್ಕರವರೆಗೆ, ಬಿಸಿಯೂಟದ ಜೊತೆ ನಡೆಯುವ ಅಂಗನವಾಡಿಯೂ ಪೂರ್ತಿ ದಿನದ್ದೇ. ಪೇಟೆಯವರು ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.)

ಶಾಲೆ ನೋಡಲು ಬೆಳಿಗ್ಗೆ ಹೋಗಬೇಡಿ, ಮಧ್ಯಾಹ್ನ ಒಂದೂವರೆಗೆ ಹೋಗಿ. ಟೀಚರ್ ಇದ್ದಾರೋ, ಆಯಾ ಒಬ್ಬರೇ ಇದ್ದಾರೋ? ಮಲಗಲು ಪರದೆ ಎಳೆದ ಕೋಣೆ, ಮಗುವಿಗೊಂದು ಚಾಪೆ ಇದೆಯೋ, ಟಿವಿ ಹಾಕಿ ಕೂರಿಸಿದ್ದಾರೋ? ಊಟವಾದ ಮೇಲೆ ಅಕ್ಷರ ತಿದ್ದಿಸುತ್ತಿದ್ದರೆ ಆ ಶಾಲೆ ಬೇಡ.

ನಿದ್ದೆಯಲ್ಲೇ ಹೆಚ್ಚು ಎಡವಟ್ಟಾಗುವುದು. ಈ ವಯಸ್ಸಿಗೆ ಹಗಲು ರಾತ್ರಿ ಸೇರಿ 10ರಿಂದ 13 ಗಂಟೆ ನಿದ್ದೆ ಬೇಕು. ಶಾಲೆಯಲ್ಲಿ ಮಲಗದ ಮಗು ನಾಲ್ಕಕ್ಕೆ ವ್ಯಾನಿನಲ್ಲಿ ತೂಕಡಿಸಿ, ಮನೆಯಲ್ಲಿ ಆರರವರೆಗೆ ಮಲಗಿ, ರಾತ್ರಿ ಹನ್ನೊಂದಾದರೂ ಕಣ್ಣು ಮುಚ್ಚುವುದಿಲ್ಲ. ಬೆಳಿಗ್ಗೆ ಏಳುವುದೂ ಇಲ್ಲ. ಐದು ದಾಟಿದ ಯುಕೆಜಿ ಮಕ್ಕಳಲ್ಲಿ ಅನೇಕರಿಗೆ ಹಗಲು ನಿದ್ದೆ ಬೇಕಿಲ್ಲ. ಅವರನ್ನು ಬಲವಂತವಾಗಿ ಮಲಗಿಸದೆ ಚಿತ್ರದ ಪುಸ್ತಕ ಕೊಟ್ಟು ಕೂರಿಸಲು ಹೇಳಿ.

ಪೂರ್ತಿ ದಿನ ಆರಿಸಿದರೂ ಮೊದಲ ಎರಡು ವಾರ ಹನ್ನೆರಡೂವರೆಗೇ ಕರೆತನ್ನಿ. ಮೂರನೇ ವಾರ ಊಟ ಮುಗಿಸಿ, ನಾಲ್ಕನೇ ವಾರ ನಿದ್ದೆ ಮುಗಿಸಿ. ಡಬ್ಬಿಗೆ ಮೊಸರನ್ನ ಹಾಕುವುದಾದರೆ ಆರಿದ ಅನ್ನಕ್ಕೆ ಕಾಸಿ ಆರಿಸಿದ ಹಾಲು ಬೆರೆಸಿ, ಒಂದು ಚಮಚ ಮೊಸರು ಸಾಕು. ಊಟದ ಹೊತ್ತಿಗೆ ಹುಳಿಯಾಗಿರುವುದಿಲ್ಲ.