ಬರೀ ವಯಸ್ಸಲ್ಲ

ಪಕ್ಕದ ಮನೆ ಅಜ್ಜಿ ಈಗ ಮೀನು ಮಾರ್ಕೆಟ್ಟಿಗೂ ಹೋಗುತ್ತಿಲ್ಲ. ಕೇಳಿದರೆ "ವಯಸ್ಸಾಯ್ತಲ್ಲ ಮಗಾ" ಅನ್ನುತ್ತಾರೆ. ರಾತ್ರಿ ನಿದ್ದೆ ಇಲ್ಲ, ಬಂಗಡೆ ಸಾರೂ ರುಚಿಸುತ್ತಿಲ್ಲ. ಇದು ಖಿನ್ನತೆಯೂ ಇರಬಹುದು, ಸುಮ್ನೆ ವಯಸ್ಸು ಅಂತ ಬಿಡೋದು ಸರಿಯಲ್ಲ ಅಲ್ವಾ?

ಕಾರವಾರದ ಕಾಳಿ ಸೇತುವೆ ದಾಟಿ ಸ್ವಲ್ಪ ಹೋದರೆ ಗೋವಾ. ಖಿನ್ನತೆಯ ಸಣ್ಣ ಲಕ್ಷಣಗಳಿದ್ದ, 60 ದಾಟಿದ 181 ಜನರ ಜೊತೆ ಅಲ್ಲಿ ನಡೆದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಜನರಿಗೆ ಆಪ್ತ ಸಲಹೆ ಸಿಕ್ಕಿತು. ಕೊಟ್ಟವರು ಡಾಕ್ಟರಲ್ಲ, ತರಬೇತಿ ಪಡೆದ ಸಾಮಾನ್ಯ ಜನ. ಕಷ್ಟವನ್ನು ಬಿಡಿಸಿ ನೋಡುವುದು, ನಿದ್ದೆ ಸರಿಮಾಡಿಕೊಳ್ಳುವುದು, ಸರ್ಕಾರಿ ಸವಲತ್ತಿಗೆ ನೆರವು. ವರ್ಷದೊಳಗೆ ತೀವ್ರ ಖಿನ್ನತೆಗೆ ಜಾರಿದವರು ಸಲಹೆ ಸಿಕ್ಕವರಲ್ಲಿ ಸುಮಾರು 4%, ಉಳಿದವರಲ್ಲಿ 14%. ಎಷ್ಟು ದೊಡ್ಡ ವ್ಯತ್ಯಾಸ!

ನಮ್ಮ ಹಳ್ಳಿಗಳಿಗೂ ಇಂಥ ಸಲಹೆಗಾರರು ಬೇಕೇ ಬೇಕು. ಸದ್ಯಕ್ಕೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.