ಅಮ್ಮನ ದವಡೆ

ಮಳೆಗಾಲ ಶುರುವಾದಾಗಿಂದ ಅಮ್ಮನಿಗೆ ಕಿವಿನೋವು. ಕಿವಿಗೆ ಡ್ರಾಪ್ಸ್ ಹಾಕಿದ್ದೇ ಹಾಕಿದ್ದು. ಮೊನ್ನೆ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆ. ಕಿವಿಯಲ್ಲಿ ಏನೂ ಇಲ್ಲ, ಹಲ್ಲಿನ ಡಾಕ್ಟರಿಗೆ ತೋರಿಸಿ ಅಂದರು. ನೋವಿದ್ದದ್ದು ದವಡೆಯ ಕೀಲಿನಲ್ಲಿ.

ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದು ನೋಡಿ. ಒಳಗೆ ಏನೋ ಸರಿಯುತ್ತದೆ ಅಲ್ವಾ, ಅದೇ ಆ ಕೀಲು. ಎರಡು ಮೂಳೆಗಳ ನಡುವೆ ಪುಟ್ಟ ಬಿಲ್ಲೆಯೊಂದಿದೆ. ಅದು ಜಾಗ ಬಿಟ್ಟು ಸರಿದರೆ ಬಾಯಿ ತೆರೆಯುವಾಗ 'ಟಕ್' ಅನ್ನುತ್ತದೆ. ನೋವಿಲ್ಲದೆ ಬರೀ ಸದ್ದಾದರೆ ಸಾಮಾನ್ಯವಾಗಿ ಚಿಕಿತ್ಸೆ ಬೇಡ. ಅಮ್ಮ ನಿದ್ದೆಯಲ್ಲಿ ಹಲ್ಲು ಕಡಿಯುತ್ತಾಳೆ. ಹಗಲೆಲ್ಲ ಬಾಯಲ್ಲಿ ಎಲೆ ಅಡಿಕೆಯ ಕವಳ. ದವಡೆಗೆ ಬಿಡುವೇ ಇರಲಿಲ್ಲ.

ಬಾಯೊಳಗೆ ಮೂರು ಬೆರಳು ಹಿಡಿಯುತ್ತದಾ ಅಂತ ಡಾಕ್ಟರ್ ನೋಡಿದರು. ಹಿಡಿಯಿತು. ಅಡಿಕೆ ಜಗಿಯುವವರಿಗೆ ಕೆನ್ನೆಯ ಒಳಭಾಗ ಗಟ್ಟಿಯಾಗಿ ಬಾಯಿ ತೆರೆಯಲಾಗದ ಕಾಯಿಲೆ ಬರುತ್ತದೆ. ಅದು ಕ್ಯಾನ್ಸರಿಗೂ ತಿರುಗಬಹುದು. ಇದು ಅದಲ್ಲ ಅಂದಾಗ ಹೋದ ಉಸಿರು ಬಂತು.

ಆಪರೇಷನ್ ಏನೂ ಇಲ್ಲ. ಮೆತ್ತಗಿನ ಊಟ, ಬಿಸಿ ಶಾಖ, ಸಣ್ಣ ವ್ಯಾಯಾಮ, ರಾತ್ರಿ ಹಲ್ಲಿನ ಮೇಲೆ ಕೂರುವ ಕವಚದಂಥ ಒಂದು ಗಾರ್ಡ್. ಸುಮ್ನೆ ಕೂತಾಗ ತುಟಿ ಮುಚ್ಚಿರಲಿ, ಮೇಲಿನ ಹಲ್ಲಿಗೆ ಕೆಳಗಿನದು ತಾಗದಿರಲಿ. ಜಾಸ್ತಿ ಜನಕ್ಕೆ ಇಷ್ಟರಲ್ಲೇ ಕಮ್ಮಿಯಾಗುತ್ತದೆ.

ಅಡಿಕೆ ತೋಟದ ದುಡ್ಡಲ್ಲೇ ನಾವು ಓದಿದ್ದು. ಕವಳ ಬಿಡು ಅಂತ ಅಮ್ಮನಿಗೆ ಹೇಳುವಾಗ ಗಂಟಲು ಕಟ್ಟಿತು. ಅವಳು ಏನೂ ಹೇಳಲಿಲ್ಲ. ಎಲೆ ಅಡಿಕೆ ತಟ್ಟೆಯನ್ನು ಎತ್ತಿ ಅಟ್ಟದ ಮೇಲಿಟ್ಟಳು. ಆಮೇಲೆ ಗಂಜಿಗೆ ತುಪ್ಪ ಹಾಕಿಕೊಂಡು ನಿಧಾನಕ್ಕೆ ಉಂಡಳು.